ವಾರಕ್ಕೆ ಎಷ್ಟು ಸಲ ನೀರು? ಮನೆಯೊಳಗಿನ ಸಕ್ಯುಲೆಂಟ್‌ಗಳಿಗೆ ಮೊದಲು ಬೆಳಕಿನ ಲೆಕ್ಕ

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. ಹಾಲ್‌ನ ಕಿಟಕಿ ಪೂರ್ವಕ್ಕಿದೆ, ಬಾಲ್ಕನಿ ಉತ್ತರಕ್ಕೆ. ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಆರು ಪುಟ್ಟ ಸಕ್ಯುಲೆಂಟ್ ಗಿಡ (ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವಂಥವು) ತಂದೆ. ತೂತಿಲ್ಲದ ಪಿಂಗಾಣಿ ಕಪ್‌ಗಳಿಗೆ ಬದಲಾಯಿಸಿ ಟಿ.ವಿ. ಸ್ಟ್ಯಾಂಡ್ ಮೇಲಿಟ್ಟು ದಿನಾ ಬೆಳಿಗ್ಗೆ ಸ್ವಲ್ಪ ಸ್ಪ್ರೇ ಮಾಡುತ್ತಿದ್ದೆ. ಎರಡು ತಿಂಗಳಲ್ಲಿ ಮೂರು ಕೊಳೆತುಹೋದವು. ಗುಲಾಬಿ ಹೂವಿನ ಆಕಾರದ್ದು ಉದ್ದಕ್ಕೆ ಬೆಳೆದು ವಾಲಿದೆ. ಬಿಳಿ ಪಟ್ಟೆಯದ್ದು ಮತ್ತು ಜೇಡ್ ಸುಕ್ಕುಗಟ್ಟಿವೆ. ಇವಕ್ಕೆ ವಾರಕ್ಕೆ ಎಷ್ಟು ಸಲ, ಎಷ್ಟು ನೀರು ಹಾಕಬೇಕು?

ಉತ್ತರ: ವಾರಕ್ಕೆ ಇಷ್ಟು ಸಲ ಎಂದು ಹೇಳಲು ಬರುವುದಿಲ್ಲ. ಹಾಗೆ ಹೇಳುವವರು ನಿಮ್ಮ ಕಿಟಕಿಯನ್ನು ನೋಡದೆ ಹೇಳುತ್ತಿದ್ದಾರೆ. ಅದೇ ಗಿಡ, ಅದೇ ಕುಂಡ ಪೂರ್ವದ ಕಿಟಕಿಯಲ್ಲಿದ್ದರೆ ಮಣ್ಣು ಹತ್ತು ದಿನದೊಳಗೆ ಒಣಗುತ್ತದೆ, ಟಿ.ವಿ. ಸ್ಟ್ಯಾಂಡ್ ಮೇಲಿದ್ದರೆ ಮೂರು ವಾರವಾದರೂ ತಳದಲ್ಲಿ ಪಸೆ ಇರುತ್ತದೆ. ಗಿಡ ಎಷ್ಟು ನೀರು ಕುಡಿಯುತ್ತದೆ ಎಂಬುದನ್ನು ನಿರ್ಧರಿಸುವುದು ಬೆಳಕು. ಆದ್ದರಿಂದ ಮೊದಲು ಜಾಗ, ಆಮೇಲೆ ಮಣ್ಣು ಮತ್ತು ಕುಂಡ, ಕೊನೆಗೆ ನೀರು. ಈ ಕ್ರಮ ತಿರುಗಿಸಿದರೆ ಎಷ್ಟೇ ಎಚ್ಚರದಿಂದ ನೀರು ಹಾಕಿದರೂ ಗಿಡ ಉಳಿಯುವುದಿಲ್ಲ.

ನಿಮ್ಮ ಆರರಲ್ಲಿ ಆರಕ್ಕೂ ತೊಂದರೆಯಾಗಿದೆ, ಆದರೆ ತೊಂದರೆ ಮೂರು ಬಗೆಯದು. ಕೊಳೆತವು ಬೇರಿಗೆ ಗಾಳಿಯಿಲ್ಲದೆ ಸತ್ತಿವೆ. ಉದ್ದವಾದದ್ದು ಬೆಳಕು ಹುಡುಕುತ್ತಿದೆ. ಸುಕ್ಕಾದ ಎರಡಕ್ಕೆ ನೀರು ಬೇಕೇ ಬೇಡವೇ ಎಂಬುದು ಕುಂಡದಿಂದ ಎತ್ತಿ ನೋಡದೆ ತಿಳಿಯುವುದಿಲ್ಲ. ಅದಕ್ಕೆ ಮುಂದೆ ಬರೋಣ.

ಬೆಳಕು

ಹೊರಗೆ ನೇರ ಬಿಸಿಲಿನಲ್ಲಿ ಸುಮಾರು 1 ಲಕ್ಷ ಲಕ್ಸ್ (ಬೆಳಕಿನ ಅಳತೆ) ಬೆಳಕಿರುತ್ತದೆ. ಕಿಟಕಿಯಿಂದ ಎಂಟು-ಹತ್ತು ಅಡಿ ಒಳಗಿರುವ ಟಿ.ವಿ. ಸ್ಟ್ಯಾಂಡ್ ಮೇಲೆ ಅದು 100ರಿಂದ 300. ನಮ್ಮ ಕಣ್ಣು ಕತ್ತಲಿಗೆ ಬೇಗ ಹೊಂದಿಕೊಳ್ಳುವುದರಿಂದ 'ಹಾಲ್‌ನಲ್ಲಿ ಒಳ್ಳೇ ಬೆಳಕಿದೆ' ಅನ್ನಿಸುತ್ತದೆ, ಗಿಡಕ್ಕೆ ಅದು ಕತ್ತಲೆಯೇ. ಎಚೆವೆರಿಯಾಕ್ಕೆ, ಅಂದರೆ ನಿಮ್ಮ ಗುಲಾಬಿ ಹೂವಿನ ಆಕಾರದ ಗಿಡಕ್ಕೆ, ಹಗಲಿನ ಹೆಚ್ಚು ಹೊತ್ತು 10,000 ಲಕ್ಸ್‌ಗಿಂತ ಮೇಲಿರಬೇಕು, ಅದರಲ್ಲಿ ಮೂರು-ನಾಲ್ಕು ಗಂಟೆಯಾದರೂ ನೇರ ಬಿಸಿಲಾಗಿದ್ದರೆ ಒಳ್ಳೆಯದು. ಬಿಳಿ ಪಟ್ಟೆಯ ಹಾವರ್ಥಿಯಾಕ್ಕೆ 3,000–5,000 ಸಾಕು. ಮೊಬೈಲ್‌ಗೆ ಲಕ್ಸ್ ಅಳೆಯುವ ಉಚಿತ ಆ್ಯಪ್‌ಗಳಿವೆ. ಅಳತೆ ಕರಾರುವಾಕ್ಕಾಗಿರುವುದಿಲ್ಲ, ಆದರೆ 200ಕ್ಕೂ 5,000ಕ್ಕೂ ಇರುವ ಅಂತರ ತಿಳಿಯಲು ಧಾರಾಳವಾಯಿತು. ಆ್ಯಪ್ ಬೇಡವೆಂದರೆ ಮಧ್ಯಾಹ್ನ ಗಿಡವಿಡುವ ಜಾಗದಲ್ಲಿ ಬಿಳಿ ಹಾಳೆ ಹಾಸಿ ಒಂದಡಿ ಮೇಲೆ ಕೈ ಹಿಡಿಯಿರಿ. ಬೆರಳುಗಳ ನೆರಳು ಬಿಡಿಬಿಡಿಯಾಗಿ ಬಿದ್ದರೆ ಎಚೆವೆರಿಯಾ ಇಡಬಹುದು. ಕೈಯ ಆಕಾರ ಮಾತ್ರ ಮಸುಕಾಗಿ ಕಂಡರೆ ಹಾವರ್ಥಿಯಾ, ಗ್ಯಾಸ್ಟೀರಿಯಾ, ಸ್ನೇಕ್ ಪ್ಲಾಂಟ್. ನೆರಳೇ ಬೀಳದಿದ್ದರೆ ಅಲ್ಲಿ ಯಾವ ಸಕ್ಯುಲೆಂಟೂ ಬೇಡ.

ಅಂತರ್ಜಾಲದ ಹೆಚ್ಚಿನ ಬರಹಗಳು 'ದಕ್ಷಿಣದ ಕಿಟಕಿಯಲ್ಲಿಡಿ' ಎನ್ನುತ್ತವೆ. ಅದು 40–50 ಡಿಗ್ರಿ ಅಕ್ಷಾಂಶದ ಯುರೋಪ್, ಅಮೆರಿಕದವರಿಗೆ ಬರೆದದ್ದು. ಬೆಂಗಳೂರು ಇರುವುದು 13 ಡಿಗ್ರಿಯಲ್ಲಿ. ಇಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ನೆತ್ತಿಯ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ದಕ್ಷಿಣದ ಕಿಟಕಿಗೆ ನೇರ ಬಿಸಿಲಿಲ್ಲ. ಅದರ ಆಚೀಚೆಯ ವಾರಗಳಲ್ಲೂ ಸೂರ್ಯ ಎಷ್ಟು ಎತ್ತರದಲ್ಲಿರುತ್ತಾನೆಂದರೆ, ಎರಡಡಿಯ ಸಜ್ಜಾ ಇದ್ದರೆ ಬಿಸಿಲು ಕಿಟಕಿಯ ಕಟ್ಟೆಗೆ ಬಂದು ನಿಂತುಬಿಡುತ್ತದೆ. ದಕ್ಷಿಣದ ಕಿಟಕಿ ನಿಜಕ್ಕೂ ಬಿಸಿಲು ಕಾಣುವುದು ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ. ನಿಮ್ಮ ಉತ್ತರದ ಬಾಲ್ಕನಿಗೆ ಏಪ್ರಿಲ್ ಕೊನೆಯಿಂದ ಮೇ ಮುಗಿಯುವವರೆಗೆ ಬೆಳಿಗ್ಗೆ ಮತ್ತು ಸಂಜೆ ಓರೆ ಬಿಸಿಲು ಸಿಗುತ್ತದೆ. ಜೂನ್ ಬಂದರೆ ಲೆಕ್ಕದಲ್ಲಿ ಬಿಸಿಲಿದ್ದರೂ ಮೋಡ ಬಿಡುವುದಿಲ್ಲ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಅಲ್ಲಿ ಬಿಸಿಲೇ ಇಲ್ಲ.

ಹೀಗಾಗಿ ನಿಮ್ಮ ಮನೆಯಲ್ಲಿ ಒಳ್ಳೆಯ ಜಾಗ ಒಂದೇ: ಪೂರ್ವದ ಕಿಟಕಿ. ಬೆಳಗಿನ ಬಿಸಿಲು ಅಡ್ಡಡ್ಡವಾಗಿ ಬರುವುದರಿಂದ ಸಜ್ಜಾ ತಡೆಯುವುದಿಲ್ಲ, ಮೂರು ಗಂಟೆಯಷ್ಟು ಒಳಗೆ ಬೀಳುತ್ತದೆ, ಸುಡುವಷ್ಟು ಕಾವೂ ಇರುವುದಿಲ್ಲ. ಗಿಡಗಳನ್ನು ಗಾಜಿಗೆ ಒಂದಡಿಯೊಳಗೆ ಇಡಿ. ಕಿಟಕಿಗೆ ಸೊಳ್ಳೆ ಜಾಲರಿ ಇದ್ದರೆ ಬೆಳಕಿನ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಅಲ್ಲೇ ಹೋಗುತ್ತದೆ. ಹಗಲು ಹೊತ್ತು ಜಾಲರಿ ಸರಿಸುವಂತಿದ್ದರೆ ಸರಿಸಿ. ಇದುವರೆಗೆ ಒಳಗಿದ್ದ ಗಿಡವನ್ನು ಒಮ್ಮೆಲೇ ಬಿಸಿಲಿಗೆ ತಂದರೆ ಎಲೆಯ ಮೇಲೆ ಬಿಳಿಚಿದ ಅಥವಾ ಕಂದು ಕಲೆ ಬೀಳುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ, ಎಲೆ ಉದುರುವ ತನಕ ಇರುತ್ತದೆ. ಮೊದಲ ಮೂರು-ನಾಲ್ಕು ದಿನ ಒಂದು ಗಂಟೆ, ಮುಂದಿನ ಮೂರು-ನಾಲ್ಕು ದಿನ ಎರಡು ಗಂಟೆ, ಹೀಗೆ ಎರಡು ವಾರದಲ್ಲಿ ಪೂರ್ತಿ ಬಿಸಿಲಿಗೆ ಒಗ್ಗಿಸಿ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿದರೆ ಗಿಡ ಒಂದೇ ಕಡೆ ವಾಲುವುದಿಲ್ಲ.

ಟಿ.ವಿ. ಸ್ಟ್ಯಾಂಡ್ ಮೇಲೆ ಇಡಲೇಬೇಕೆಂದರೆ ದೀಪ ಹಾಕಬೇಕು. ನೇರಳೆ ಬಣ್ಣದ ದುಬಾರಿ ದೀಪ ಬೇಕಿಲ್ಲ. 20 ವಾಟ್‌ನ, 6500 ಕೆಲ್ವಿನ್‌ನ ಬಿಳಿ ಎಲ್ಇಡಿ ಬ್ಯಾಟನ್ ಎರಡನ್ನು ಪಕ್ಕಪಕ್ಕದಲ್ಲಿ, ಗಿಡದ ತುದಿಯಿಂದ 20–25 ಸೆಂ.ಮೀ. ಮೇಲೆ ಕಟ್ಟಿ ದಿನಕ್ಕೆ 12 ಗಂಟೆ ಉರಿಸಿ. ತಿಂಗಳಿಗೆ 14–15 ಯೂನಿಟ್ ಕರೆಂಟು ಆಗುತ್ತದೆ. ಇಷ್ಟರಲ್ಲಿ ಹಾವರ್ಥಿಯಾ ಚೆನ್ನಾಗಿಯೇ ಬೆಳೆಯುತ್ತದೆ, ಎಚೆವೆರಿಯಾ ಬದುಕುತ್ತದೆ ಆದರೆ ಬಣ್ಣ ಬರುವುದಿಲ್ಲ. ರಾತ್ರಿ ದೀಪ ಆರಲೇಬೇಕು, ಏಕೆಂದರೆ ಈ ಗಿಡಗಳ ಅರ್ಧ ಕೆಲಸ ನಡೆಯುವುದೇ ಕತ್ತಲಲ್ಲಿ.

ಮರುಭೂಮಿಯಂಥ ಜಾಗದಲ್ಲಿ ಹಗಲು ಎಲೆಯ ರಂಧ್ರ ತೆರೆದರೆ ನೀರೆಲ್ಲ ಆವಿಯಾಗಿ ಹೋಗುತ್ತದೆ. ಅದಕ್ಕೆ ಇವು ಹಗಲು ರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಹೀರಿ, ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟುಕೊಳ್ಳುತ್ತವೆ. ಬೆಳಗಾದ ಮೇಲೆ ಬಿಸಿಲಿನಲ್ಲಿ ಅದನ್ನು ಬಳಸಿ ಆಹಾರ ಮಾಡಿಕೊಳ್ಳುತ್ತವೆ. (ಮಲಗುವ ಕೋಣೆಯಲ್ಲಿ ಸ್ನೇಕ್ ಪ್ಲಾಂಟ್ ಇಟ್ಟರೆ ರಾತ್ರಿಯಿಡೀ ಆಮ್ಲಜನಕ ಕೊಡುತ್ತದೆ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ. ರಾತ್ರಿ ಅದು ಇಂಗಾಲದ ಡೈಆಕ್ಸೈಡ್ ಹೀರುವುದು ನಿಜ, ಆಮ್ಲಜನಕ ಬಿಡುವುದು ಬೆಳಕಿದ್ದಾಗ ಮಾತ್ರ.) ರಾತ್ರಿ ತಂಪಾಗಿದ್ದಷ್ಟೂ ಈ ಏರ್ಪಾಡು ಚೆನ್ನಾಗಿ ನಡೆಯುತ್ತದೆ. ಮೆಕ್ಸಿಕೋದ ಗುಡ್ಡಗಾಡಿನ ಎಚೆವೆರಿಯಾ ಬೆಂಗಳೂರು, ಮೈಸೂರು, ಮಡಿಕೇರಿಯ ಚಳಿಗಾಲದಲ್ಲಿ ಸೊಗಸಾಗಿದ್ದು, ಮಂಗಳೂರಿನಲ್ಲಿ ರಾತ್ರಿಯೂ 25 ಡಿಗ್ರಿ ಇರುವಾಗ ಸೊರಗುವುದಕ್ಕೆ ಕಾರಣ ಇದು. ಕರಾವಳಿಯವರು ಎಚೆವೆರಿಯಾದ ಆಸೆ ಬಿಟ್ಟು ಸ್ನೇಕ್ ಪ್ಲಾಂಟ್, ಲೋಳೆಸರ, ಪೋರ್ಚುಲಕೇರಿಯಾ (ಜೇಡ್ ಎಂದೇ ಮಾರುವ ಸಣ್ಣ ಎಲೆಯ ಗಿಡ) ಬೆಳೆಸುವುದು ಜಾಣತನ. 'ಚಳಿಗಾಲದಲ್ಲಿ ಗಿಡ ನಿದ್ರಿಸುತ್ತದೆ, ನೀರು ನಿಲ್ಲಿಸಿ' ಎಂಬ ವಿದೇಶಿ ಸಲಹೆಯೂ ನಮಗೆ ಹೊಂದುವುದಿಲ್ಲ. ಬೆಂಗಳೂರಿನ ನವೆಂಬರ್–ಫೆಬ್ರುವರಿ ಇವಕ್ಕೆ ಬೆಳೆಯುವ ಕಾಲ. ಕಷ್ಟದ ಕಾಲ ಮಳೆಗಾಲ.

ಕುಂಡ ಮತ್ತು ಮಣ್ಣು

ನರ್ಸರಿಯಿಂದ ಬರುವ ಗಿಡ ಬಹುಪಾಲು ತೆಂಗಿನ ನಾರಿನ ಪುಡಿಯಲ್ಲಿ, ಅಂದರೆ ಕೋಕೋಪೀಟ್‌ನಲ್ಲಿರುತ್ತದೆ. ಹಗುರ, ಅಗ್ಗ, ಸಾಗಿಸಲು ಸುಲಭ. ಪಾಲಿಹೌಸ್‌ನ ಬೆಳಕು ಮತ್ತು ಗಾಳಿಯಲ್ಲಿ ಅದು ಬೇಗ ಒಣಗುವುದರಿಂದ ಅಲ್ಲಿ ಗಿಡ ಚೆನ್ನಾಗಿಯೇ ಇರುತ್ತದೆ. ಕೋಕೋಪೀಟ್ ತನ್ನ ತೂಕದ ಎಂಟು ಪಟ್ಟಿನಷ್ಟು ನೀರು ಹಿಡಿಯಬಲ್ಲದು. ಮನೆಯೊಳಗೆ ಮೇಲ್ಭಾಗ ಒಣಗಿ ಕಂದಾಗಿ ಕಂಡರೂ ಬೇರಿನ ಸುತ್ತ ಎರಡು-ಮೂರು ವಾರ ಒದ್ದೆ ಇರುತ್ತದೆ. ಪೂರ್ತಿ ಒಣಗಿದರೆ ಇನ್ನೊಂದು ತಾಪತ್ರಯ: ಕುಗ್ಗಿ ಗಟ್ಟಿಯಾಗಿ ನೀರನ್ನೇ ಹೀರುವುದಿಲ್ಲ, ಹಾಕಿದ ನೀರು ಕುಂಡದ ಅಂಚಿನಿಂದ ಜಾರಿ ಹೊರಗೆ ಹೋಗುತ್ತದೆ. ಹೊಸ ಗಿಡ ತಂದ ಒಂದೆರಡು ವಾರದಲ್ಲಿ ಅದನ್ನು ಬದಲಿಸುವುದೇ ಸರಿ.

ಮನೆಯಲ್ಲಿ ಬೆರೆಸಿಕೊಳ್ಳಬಹುದಾದ ಮಿಶ್ರಣ ಹೀಗಿದೆ. ಒಂದೇ ಲೋಟದಲ್ಲಿ ಅಳೆಯಿರಿ: 3–5 ಮಿ.ಮೀ. ಗಾತ್ರದ ಇಟ್ಟಿಗೆ ಚೂರು ಅಥವಾ ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು) 2 ಲೋಟ, ದಪ್ಪ ಮರಳು 2 ಲೋಟ, ಕೆಂಪು ಮಣ್ಣು 1 ಲೋಟ, ಎರೆಗೊಬ್ಬರ 1 ಲೋಟ, ಬೇವಿನ ಹಿಂಡಿ ಒಂದೆರಡು ಟೀ ಚಮಚ. ಇದರಿಂದ ಮೂರು ಇಂಚಿನ ಐದಾರು ಕುಂಡ ತುಂಬುತ್ತವೆ. ಪ್ಯೂಮಿಸ್ ದುಬಾರಿ, ಚೆನ್ನಾಗಿ ಬೆಂದ ಹಳೆಯ ಇಟ್ಟಿಗೆಯನ್ನು ಕುಟ್ಟಿ ಜರಡಿ ಹಿಡಿದರೆ ಅದೇ ಕೆಲಸ ನಡೆಯುತ್ತದೆ. ಆದರೆ ಪುಡಿಯನ್ನು ತೊಳೆದು ತೆಗೆಯಲೇಬೇಕು. ಕಟ್ಟಡದ ಎಂ-ಸ್ಯಾಂಡ್ ಬಳಸುವುದಾದರೂ ಹಾಗೆಯೇ: ಅದರ ನುಣುಪಾದ ಪುಡಿ ತಳಕ್ಕಿಳಿದು ಸಿಮೆಂಟಿನಂತೆ ಕೂರುತ್ತದೆ. ಚಹಾ ಸೋಸುವ ಜಾಲರಿಯಲ್ಲಿ ಉಳಿಯುವ ಕಾಳು ಮಾತ್ರ ಸಾಕು. ಸಮುದ್ರದ ಮರಳಿನಲ್ಲಿ ಉಪ್ಪಿರುತ್ತದೆ, ಬೇಡ. ಉತ್ತರ ಕರ್ನಾಟಕದವರು ಎರೆಮಣ್ಣು ಹಾಕಬೇಡಿ, ಒದ್ದೆಯಾದಾಗ ಉಬ್ಬಿ ಬೇರಿಗೆ ಗಾಳಿ ಕಟ್ಟುತ್ತದೆ, ಒಣಗಿದಾಗ ಬಿರಿದು ಬೇರು ಹರಿಯುತ್ತದೆ. ಕೆಂಪು ಮಣ್ಣು ಸಿಗದಿದ್ದರೆ ಎರೆಗೊಬ್ಬರವೊಂದೇ ಸಾಕು.

ಮಿಶ್ರಣ ಸರಿಯಿದೆಯೇ ಎಂದು ನೋಡಲು ಗಿಡವಿಲ್ಲದ ಕುಂಡಕ್ಕೆ ತುಂಬಿ ಒಂದು ಲೋಟ ನೀರು ಸುರಿಯಿರಿ. ಐದಾರು ಸೆಕೆಂಡಿನಲ್ಲಿ ಕೆಳಗಿನಿಂದ ಹರಿದು ಬರಬೇಕು. ಮೇಲೆ ಕೆರೆಯಂತೆ ನಿಂತು ಅರ್ಧ ನಿಮಿಷ ತೆಗೆದುಕೊಂಡರೆ ಇನ್ನೊಂದು ಲೋಟ ಇಟ್ಟಿಗೆ ಚೂರು ಸೇರಿಸಿ. ಮಲೆನಾಡು ಮತ್ತು ಕರಾವಳಿಯಲ್ಲಿ ಮಣ್ಣು, ಗೊಬ್ಬರ ಎರಡನ್ನೂ ಅರ್ಧಕ್ಕೆ ಇಳಿಸಿ. ಕಲಬುರಗಿ, ರಾಯಚೂರಿನ ಬೇಸಿಗೆಗೆ ಇದೇ ಮಿಶ್ರಣ ತೀರಾ ಬೇಗ ಒಣಗುತ್ತದೆ, ಅಲ್ಲಿ ಕೆಂಪು ಮಣ್ಣು 2 ಲೋಟ ಇರಲಿ.

ತೂತಿಲ್ಲದ ಕಪ್ ಬಗ್ಗೆ: 'ತಳಕ್ಕೆ ಜಲ್ಲಿ ಹಾಕಿದರೆ ತೂತು ಬೇಡ' ಎಂಬ ಸಲಹೆ ತಪ್ಪು. ಸಣ್ಣ ಕಣಗಳ ಪದರದಿಂದ ದೊಡ್ಡ ಕಲ್ಲುಗಳ ಪದರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ, ಮೇಲಿನ ಪದರ ಪೂರ್ತಿ ನೆನೆದ ನಂತರವೇ ಇಳಿಯುತ್ತದೆ. ಅಂದರೆ ಕುಂಡದ ತಳದಲ್ಲಿ ಯಾವಾಗಲೂ ಇರುವ ಒದ್ದೆ ಪಟ್ಟಿ ಜಲ್ಲಿಯಿಂದ ಮಾಯವಾಗುವುದಿಲ್ಲ, ಬೇರಿಗೆ ಇನ್ನಷ್ಟು ಹತ್ತಿರಕ್ಕೆ ಮೇಲೇರುತ್ತದೆ. ನಿಮ್ಮ ಕಪ್‌ಗಳು ಇಷ್ಟವಾಗಿದ್ದರೆ ಎಸೆಯಬೇಕಿಲ್ಲ. ತೂತಿರುವ ಪ್ಲಾಸ್ಟಿಕ್ ಕುಂಡದಲ್ಲಿ ಗಿಡ ನೆಟ್ಟು ಅದನ್ನು ಕಪ್ಪಿನೊಳಗೆ ಕೂರಿಸಿ, ನೀರು ಹಾಕುವಾಗ ಹೊರತೆಗೆದು, ಸೋರಿದ ಮೇಲೆ ಮರಳಿ ಇಡಿ. ತೂತು ಕೊರೆಯುವುದೇ ಆದರೆ ಗಾಜು-ಟೈಲ್ಸ್‌ಗೆ ಬಳಸುವ 8 ಮಿ.ಮೀ. ಡೈಮಂಡ್ ಬಿಟ್ ತನ್ನಿ. ಕಪ್ ಬೋರಲು ಹಾಕಿ, ಟೇಪ್ ಅಂಟಿಸಿ, ನೀರು ಬಿಡುತ್ತಾ, ನಿಧಾನ ವೇಗದಲ್ಲಿ, ಹ್ಯಾಮರ್ ಆಫ್ ಮಾಡಿ ಕೊರೆಯಿರಿ. ಕೈಯ ಭಾರ ಹಾಕಿದರೆ ಪಿಂಗಾಣಿ ಸೀಳುತ್ತದೆ.

ಕುಂಡ ಗಿಡಕ್ಕಿಂತ ಒಂದು-ಒಂದೂವರೆ ಸೆಂ.ಮೀ. ಮಾತ್ರ ಅಗಲವಿರಲಿ. 'ಬೆಳೆಯಲಿ' ಎಂದು ದೊಡ್ಡ ಕುಂಡದಲ್ಲಿ ಹಾಕಿದರೆ ಬೇರು ಮುಟ್ಟದ ಮಣ್ಣು ವಾರಗಟ್ಟಲೆ ಒದ್ದೆ ಇರುತ್ತದೆ. ಹೆಚ್ಚು ನೀರು ಹಾಕುವ ಕೈಯವರಿಗೆ ಮಣ್ಣಿನ ಕುಂಡ, ಮರೆಯುವವರಿಗೆ ಪ್ಲಾಸ್ಟಿಕ್. ಪ್ರಶ್ನೆ ನೋಡಿದರೆ ನಿಮಗೆ ಮಣ್ಣಿನದೇ ಸರಿ.

ನೀರು

ಸ್ಪ್ರೇ ಇವತ್ತೇ ನಿಲ್ಲಿಸಿ. ಸ್ಪ್ರೇ ಮಾಡಿದ ನೀರು ಬೇರಿನ ಆಳಕ್ಕೆ ಹೋಗುವುದಿಲ್ಲ, ಎಲೆಗಳ ಸಂದಿಯಲ್ಲಿ ನಿಂತು ಬುಡ ಕೊಳೆಸುತ್ತದೆ. ತೂತಿಲ್ಲದ ಕಪ್‌ನಲ್ಲಿ ಸ್ವಲ್ಪ ಸ್ವಲ್ಪವೇ ಸೇರಿ ಕೆಳಗೆ ಕೂಡಿಕೊಳ್ಳುತ್ತದೆ. ನಿಮ್ಮ ಮೂರು ಗಿಡ ಹೋದದ್ದು ಹೀಗೆ: ಮೇಲೆ ಒಣ, ಕೆಳಗೆ ಕೆಸರು, ಹೊರಗೆ ಮೋಡ, ಒಳಗೆ ಕತ್ತಲೆ.

ಹಾಕುವಾಗ ಧಾರಾಳವಾಗಿ ಹಾಕಿ, ಪೂರ್ತಿ ಒಣಗುವ ತನಕ ಮತ್ತೆ ಹಾಕಬೇಡಿ. ಮೂರು ಇಂಚಿನ ಕುಂಡಕ್ಕೆ 75–100 ಮಿ.ಲೀ., ನಾಲ್ಕು ಇಂಚಿನದಕ್ಕೆ 150–200 ಮಿ.ಲೀ. ಹಾಕಿದರೆ ತೂತಿನಿಂದ ಹೊರಗೆ ಬರುತ್ತದೆ. ಅಷ್ಟು ಬರಬೇಕು. ಹದಿನೈದು ನಿಮಿಷ ಬಿಟ್ಟು ತಟ್ಟೆಯ ನೀರು ಚೆಲ್ಲಿ. ಗಿಡದ ಸುತ್ತ ಮಣ್ಣಿಗೆ ಹಾಕಿ, ನೆತ್ತಿಯ ಮೇಲೆ ಬೇಡ. ಎಚೆವೆರಿಯಾದ ನಡುವೆ ನೀರು ನಿಂತರೆ ಊದಿ ತೆಗೆಯಿರಿ. ಅದರ ಎಲೆಯ ಮೇಲಿನ ಬಿಳಿ ಬೂದಿಯಂಥ ಪದರ ಅದರ ಬಿಸಿಲಿನ ಕೊಡೆ, ಬೆರಳಿನಿಂದ ಒರೆಸಿದರೆ ಆ ಎಲೆಯ ಮೇಲೆ ಮತ್ತೆ ಬರುವುದಿಲ್ಲ.

ಒಣಗಿದೆಯೇ ಎಂದು ತಿಳಿಯಲು ಉರಿದು ಮುಗಿದ ಊದುಬತ್ತಿಯ ಬಿದಿರು ಕಡ್ಡಿ ಸಾಕು. ತೊಳೆದು ಒಣಗಿಸಿ, ಕುಂಡದ ತಳ ಮುಟ್ಟುವಂತೆ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಕಪ್ಪಾಗಿದ್ದರೆ, ಮಣ್ಣು ಅಂಟಿದ್ದರೆ, ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ಇನ್ನೂ ಪಸೆ ಇದೆ. ಕೆಲವು ಸಲ ಹೀಗೆ ನೋಡಿದ ಮೇಲೆ ಕುಂಡ ಎತ್ತಿದರೇ ತೂಕದಿಂದ ಗೊತ್ತಾಗುತ್ತದೆ. ಮಾರುಕಟ್ಟೆಯ ಎರಡು ಮೊನೆಯ ತೇವಾಂಶ ಮೀಟರ್ ಇಂಥ ಜಲ್ಲಿ-ಮರಳಿನ ಮಿಶ್ರಣದಲ್ಲಿ ಯಾವಾಗಲೂ 'ಒಣ' ಎಂದೇ ತೋರಿಸುತ್ತದೆ, ಕೊಳ್ಳಬೇಡಿ.

ನಿಮಗೆ ದಿನದ ಲೆಕ್ಕವೇ ಬೇಕಿದ್ದರಿಂದ, ಮೇಲೆ ಹೇಳಿದ ಮಿಶ್ರಣದಲ್ಲಿ, ಮಣ್ಣಿನ ಕುಂಡದಲ್ಲಿ, ಪೂರ್ವದ ಕಿಟಕಿಯಲ್ಲಿರುವ ಗಿಡಕ್ಕೆ ಬೆಂಗಳೂರಿನಲ್ಲಿ ಅಂದಾಜು: ಮಾರ್ಚ್–ಮೇ 7ರಿಂದ 10 ದಿನಕ್ಕೊಮ್ಮೆ, ಜೂನ್–ಅಕ್ಟೋಬರ್ 14ರಿಂದ 18 ದಿನ, ನವೆಂಬರ್–ಫೆಬ್ರುವರಿ 10ರಿಂದ 12 ದಿನ. ಹಾವರ್ಥಿಯಾಕ್ಕೆ ಇನ್ನೂ ಎರಡು ದಿನ ಸೇರಿಸಿ, ಸ್ನೇಕ್ ಪ್ಲಾಂಟ್‌ಗೆ ದುಪ್ಪಟ್ಟು. ಕಡ್ಡಿ ಬೇರೆ ಹೇಳಿದರೆ ಕಡ್ಡಿಯ ಮಾತು ಕೇಳಿ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ 20–25 ದಿನವಾದರೂ ಒಣಗದೆ ಇರಬಹುದು. ಗಿಡದ ರಂಧ್ರ ತೆರೆಯುವುದು ರಾತ್ರಿ, ಆಗ ಗಾಳಿಯೇ ನೀರಿನಿಂದ ತುಂಬಿದ್ದರೆ ಗಿಡದಿಂದಾಗಲಿ ಮಣ್ಣಿನಿಂದಾಗಲಿ ಆವಿ ಹೋಗಲು ಜಾಗವಿರುವುದಿಲ್ಲ. ಅಂಥಲ್ಲಿ ಸಣ್ಣ ಟೇಬಲ್ ಫ್ಯಾನ್ ದಿನಕ್ಕೆ ನಾಲ್ಕೈದು ಗಂಟೆ ಓಡಿಸುವುದು ಎಲ್ಲ ಔಷಧಿಗಿಂತ ಮೇಲು.

ಕಾವೇರಿ ನೀರು ಬರುತ್ತಿದ್ದರೆ ಅದನ್ನೇ ಹಾಕಿ. ಬೋರ್‌ವೆಲ್ ನೀರಾದರೆ ಕುಂಡದ ಅಂಚಿಗೆ ಬಿಳಿ ಸುಣ್ಣ ಕಟ್ಟುತ್ತದೆ, ಕ್ರಮೇಣ ಮಣ್ಣು ಕ್ಷಾರವಾಗಿ ಎಲೆ ಬಿಳಿಚುತ್ತದೆ. ಮಳೆನೀರು ಹಿಡಿದಿಟ್ಟುಕೊಳ್ಳಿ, ಇಲ್ಲವೇ ಎರಡು ತಿಂಗಳಿಗೊಮ್ಮೆ ಕುಡಿಯುವ ನೀರನ್ನು ಕುಂಡದ ಮೂರು ಪಟ್ಟಿನಷ್ಟು ಸುರಿದು ಉಪ್ಪು ತೊಳೆಯಿರಿ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಉಳಿತಾಯವೆಂದು ಈ ಗಿಡಗಳಿಗೆ ಹಾಕಬೇಡಿ, ಅದರಲ್ಲಿ ಲವಣ ಸಾಂದ್ರವಾಗಿರುತ್ತದೆ.

ಈಗ ಉಳಿದ ಮೂರು ಗಿಡಗಳು

ಸುಕ್ಕಾದ ಎರಡನ್ನೂ ಕಪ್‌ನಿಂದ ಹೊರತೆಗೆಯಿರಿ. ಕೋಕೋಪೀಟನ್ನು ಬಿಡಿಸಿ, ಅಂಟಿಕೊಂಡಿದ್ದರೆ ನೀರಿನಲ್ಲಿ ಹತ್ತು ನಿಮಿಷ ಇಟ್ಟು ತೊಳೆಯಿರಿ. ಕೆಲವು ಗಿಡಗಳ ಬೇರಿನ ಸುತ್ತ ತೆಳು ಕಾಗದದ ಅಥವಾ ಜಾಲರಿಯ ಚೀಲವಿರುತ್ತದೆ, ಅದನ್ನೂ ಕತ್ತರಿಸಿ ತೆಗೆಯಿರಿ. ಬೇರು ಬಿಳಿಯಾಗಿ ಅಥವಾ ತಿಳಿಕಂದಾಗಿ, ಎಳೆದರೆ ಗಟ್ಟಿಯಾಗಿದ್ದರೆ ಸುಕ್ಕಿಗೆ ಕಾರಣ ಬಾಯಾರಿಕೆ. ಹೊಸ ಮಿಶ್ರಣದಲ್ಲಿ ನೆಟ್ಟು, ನಾಲ್ಕೈದು ದಿನ ಬಿಟ್ಟು ನೀರು ಹಾಕಿದರೆ ಜೇಡ್ ಎರಡು ದಿನದಲ್ಲಿ, ಹಾವರ್ಥಿಯಾ ಒಂದು ವಾರದಲ್ಲಿ ತುಂಬಿಕೊಳ್ಳುತ್ತದೆ. ಬೇರು ಕಪ್ಪಾಗಿ, ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಕೈಗೆ ಬಂದರೆ ಅದು ಕೊಳೆತ ಬೇರು. ಮಣ್ಣು ಒದ್ದೆ ಇದ್ದೂ ಎಲೆ ಸುಕ್ಕಾಗಿದ್ದರೆ ಬಹುತೇಕ ಇದೇ. ಹೊಸಬರು ಇಲ್ಲೇ ಎಡವುವುದು: ಸುಕ್ಕು ನೋಡಿ ಇನ್ನಷ್ಟು ನೀರು ಹಾಕುತ್ತಾರೆ, ಕುಡಿಯಲು ಬೇರೇ ಇಲ್ಲ.

ಕೊಳೆತ ಬೇರೆಲ್ಲ ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಕತ್ತರಿಸಿ. ಕಾಂಡ ಅಡ್ಡ ಕತ್ತರಿಸಿದಾಗ ನಡುವೆ ಕಂದು ಚುಕ್ಕೆ ಅಥವಾ ಉಂಗುರ ಕಂಡರೆ ಕೊಳೆತ ಮೇಲೇರಿದೆ, ಶುದ್ಧ ಹಸಿರು ಬರುವ ತನಕ ಅರ್ಧ ಸೆಂ.ಮೀ.ನಂತೆ ಕತ್ತರಿಸುತ್ತಾ ಹೋಗಿ. ಪ್ರತಿ ಸಲ ಬ್ಲೇಡ್ ಒರೆಸಿ. ಆಮೇಲೆ ನೆರಳಿನಲ್ಲಿ, ಗಾಳಿಯಾಡುವಲ್ಲಿ ನಾಲ್ಕೈದು ದಿನ ಬರಿದೇ ಇಡಿ. ಗಾಯ ಒಣಗಿ ಗಟ್ಟಿಯಾಗಬೇಕು. ಅರಿಸಿನ, ದಾಲ್ಚಿನ್ನಿ ಪುಡಿ ಹಚ್ಚುವವರಿದ್ದಾರೆ, ಹಚ್ಚಿದರೆ ತೊಂದರೆಯಿಲ್ಲ, ಆದರೆ ಕೆಲಸ ಮಾಡುವುದು ಒಣಗುವಿಕೆ. ನಂತರ ಒಣ ಮಿಶ್ರಣದ ಮೇಲೆ ಕೂರಿಸಿ, ಬಿಸಿಲು ತಾಗದ ಬೆಳಕಿನಲ್ಲಿಟ್ಟು, ಐದು ದಿನದ ಬಳಿಕ ಕುಂಡದ ಅಂಚಿಗೆ 30 ಮಿ.ಲೀ.ನಂತೆ ವಾರಕ್ಕೊಮ್ಮೆ ಹಾಕಿ. ಮೂರರಿಂದ ಐದು ವಾರದಲ್ಲಿ ಹೊಸ ಬೇರು ಬರುತ್ತದೆ. ಮೆಲ್ಲಗೆ ಅಲುಗಿಸಿದಾಗ ಗಿಡ ಹಿಡಿತ ತೋರಿಸಿದರೆ ಬಂತೆಂದು ಲೆಕ್ಕ. ಪದೇ ಪದೇ ಕಿತ್ತು ನೋಡಬೇಡಿ.

ನಿಮ್ಮ 'ಜೇಡ್' ಯಾವುದೆಂದೂ ನೋಡಿಕೊಳ್ಳಿ. ನಮ್ಮ ನರ್ಸರಿಗಳಲ್ಲಿ ಆ ಹೆಸರಿನಲ್ಲಿ ಹೆಚ್ಚಾಗಿ ಮಾರುವುದು ಪೋರ್ಚುಲಕೇರಿಯಾ: ಎಲೆ ಕಿರುಬೆರಳಿನ ಉಗುರಿನಷ್ಟು, ಎಳೆ ಕಡ್ಡಿ ಕೆಂಗಂದು. ಕ್ರಾಸುಲಾ ಜಾತಿಯ ನಿಜವಾದ ಜೇಡ್‌ನ ಎಲೆ ಮೂರು ಸೆಂ.ಮೀ.ಗಿಂತ ದೊಡ್ಡದು, ದಪ್ಪ. ಪೋರ್ಚುಲಕೇರಿಯಾ ಬಿಸಿಲು, ನೀರು ಎರಡನ್ನೂ ಹೆಚ್ಚು ತಡೆಯುತ್ತದೆ, ಬೇಗ ಸುಕ್ಕಾಗಿ ಬೇಗ ಚೇತರಿಸಿಕೊಳ್ಳುತ್ತದೆ.

ಉದ್ದವಾದ ಎಚೆವೆರಿಯಾ ಮತ್ತೆ ಗಿಡ್ಡವಾಗುವುದಿಲ್ಲ. ಎಷ್ಟು ಬೆಳಕು ಕೊಟ್ಟರೂ ಹೊಸ ಎಲೆ ಒತ್ತಾಗಿ ಬರುತ್ತದೆಯೇ ಹೊರತು ಹಳೆಯ ಕಾಂಡ ಕುಗ್ಗುವುದಿಲ್ಲ. ತಲೆ ಕತ್ತರಿಸುವುದೇ ದಾರಿ. ಮೇಲಿನ ಹೂವಿನಂಥ ಭಾಗವನ್ನು 2–3 ಸೆಂ.ಮೀ. ಕಾಂಡದೊಂದಿಗೆ ತೆಗೆದು, ಕೆಳಗಿನ ಒಂದೆರಡು ಸುತ್ತು ಎಲೆ ಬಿಡಿಸಿ, ನಾಲ್ಕೈದು ದಿನ ಒಣಗಿಸಿ ನೆಡಿ. ಬೋಳು ಕಾಂಡವನ್ನು ಎಸೆಯಬೇಡಿ, ಎಂದಿನಂತೆ ಬೆಳಕಿನಲ್ಲಿಟ್ಟರೆ ಒಂದು-ಒಂದೂವರೆ ತಿಂಗಳಲ್ಲಿ ಪಕ್ಕದಿಂದ ಮರಿಗಳು ಒಡೆಯುತ್ತವೆ. ಬಿಡಿಸಿದ ಎಲೆಗಳಿಂದಲೂ ಗಿಡವಾಗುತ್ತದೆ, ಎಲೆಯ ಬುಡ ಹರಿಯದೆ ಪೂರ್ತಿ ಬಂದಿದ್ದರೆ ಮಾತ್ರ. ಎಡಕ್ಕೆ ಬಲಕ್ಕೆ ಅಲುಗಿಸಿ ಬಿಡಿಸಿ, ಎರಡು ದಿನ ಒಣಗಿಸಿ ಮಿಶ್ರಣದ ಮೇಲೆ ಮಲಗಿಸಿಡಿ, ಹೂಳಬೇಡಿ. ಎರಡು-ಮೂರು ವಾರಕ್ಕೆ ಗುಲಾಬಿ ಬಣ್ಣದ ಬೇರು ಕಂಡ ಮೇಲೆ ನೀರು ಚಿಮುಕಿಸಿ. ಸ್ಪ್ರೇ ಬಾಟಲಿಗೆ ಕೆಲಸವಿರುವುದು ಇದೊಂದು ಕಡೆ. ಹಾವರ್ಥಿಯಾ ಎಲೆಯಿಂದ ಕಷ್ಟ, ಬುಡದ ಮರಿ ಬೇರ್ಪಡಿಸಿದರೆ ಸುಲಭ. ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಎಲೆ ತುಂಡು ಮಾಡಿ ನೆಟ್ಟರೆ ಹುಟ್ಟುವ ಮರಿಗೆ ಹಳದಿ ಅಂಚು ಇರುವುದಿಲ್ಲ. ಅಂಚು ಬೇಕಿದ್ದರೆ ಗೆಡ್ಡೆ ಸಮೇತ ಪಾಲು ಮಾಡಿ.

ಗೊಬ್ಬರದ ಚಿಂತೆ ಸದ್ಯ ಬೇಡ. ಆರು ತಿಂಗಳ ನಂತರ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ) ಅನ್ನು ಲೀಟರಿಗೆ ಅರ್ಧ ಗ್ರಾಂನಂತೆ ಎರಡು ತಿಂಗಳಿಗೊಮ್ಮೆ, ನವೆಂಬರ್–ಮಾರ್ಚ್ ಅವಧಿಯಲ್ಲಿ ಕೊಟ್ಟರೆ ಸಾಕು.

ಕೀಟ

ಮನೆಯೊಳಗಿನ ಸಕ್ಯುಲೆಂಟ್‌ಗಳಿಗೆ ಮುಖ್ಯ ಶತ್ರು ಹಿಟ್ಟು ತಿಗಣೆ. ಎಲೆಗಳ ಸಂದಿಯಲ್ಲಿ ಹತ್ತಿಯ ಚೂರಿನಂತೆ ಕಾಣುತ್ತದೆ. ಕುಂಡದ ಮೇಲೆ ಇರುವೆ ಓಡಾಡುತ್ತಿದ್ದರೆ ಅದು ಇದೆಯೆಂದೇ ತಿಳಿಯಿರಿ, ತಿಗಣೆ ಸ್ರವಿಸುವ ಸಿಹಿಗಾಗಿ ಇರುವೆ ಅದನ್ನು ಗಿಡದಿಂದ ಗಿಡಕ್ಕೆ ಸಾಗಿಸುತ್ತದೆ. ಔಷಧಿ ಅಂಗಡಿಯ 70% ಐಸೋಪ್ರೊಪಿಲ್ ಆಲ್ಕೋಹಾಲ್‌ನಲ್ಲಿ ಕಿವಿಗಿಡುವ ಹತ್ತಿಕಡ್ಡಿ ಅದ್ದಿ ಒಂದೊಂದನ್ನೂ ಮುಟ್ಟಿ, ಸಂಜೆ ಹೊತ್ತು. ಮೊಟ್ಟೆಗಳು ಉಳಿಯುವುದರಿಂದ ಆರು ದಿನಕ್ಕೊಮ್ಮೆ ಮೂರು ಸಲ ಮಾಡಬೇಕು, ಒಂದೇ ಸಲಕ್ಕೆ ಬಿಟ್ಟರೆ ತಿಂಗಳಿಗೆ ಮತ್ತೆ ಅಷ್ಟೇ ಇರುತ್ತದೆ. ಬೇವಿನೆಣ್ಣೆಯನ್ನು ಎಚೆವೆರಿಯಾಕ್ಕೆ ಹೊಡೆಯಬೇಡಿ, ಎಲೆಯ ಬಿಳಿ ಪದರ ಕಿತ್ತುಹೋಗಿ ಮಾರನೇ ದಿನದ ಬಿಸಿಲಿಗೆ ಸುಡುತ್ತದೆ. ಗಿಡ ಕಾರಣವಿಲ್ಲದೆ ಸೊರಗಿದರೆ ಬೇರಿನಲ್ಲಿ ಬಿಳಿ ಪುಡಿ ಇದೆಯೇ ನೋಡಿ. ಬೇರಿಗೂ ಬರುವ ತಿಗಣೆಯಿದೆ. ಇದ್ದರೆ ಮಣ್ಣು ಪೂರ್ತಿ ಎಸೆದು, ಬೇರು ತೊಳೆದು ಒಣಗಿಸಿ ಹೊಸದರಲ್ಲಿ ನೆಡಿ. ಕುಂಡದ ಮೇಲೆ ಹಾರುವ ಪುಟ್ಟ ಕಪ್ಪು ನೊಣಗಳು ಕೋಕೋಪೀಟ್ ಒದ್ದೆಯಿದೆ ಎಂದು ಹೇಳುತ್ತಿವೆ, ಅಷ್ಟೇ.

ಮುಂದೆ ಕೊಳ್ಳುವಾಗ

ಬಣ್ಣ ನೋಡಿ ಆರಿಸಿ. ದಟ್ಟ ಹಸಿರಿನವು ಕಡಿಮೆ ಬೆಳಕನ್ನು ತಡೆಯುತ್ತವೆ. ನೀಲಿ, ಗುಲಾಬಿ, ನೇರಳೆ ಛಾಯೆಯವಕ್ಕೆ ಹೆಚ್ಚು ಬಿಸಿಲು ಬೇಕು, ಮನೆಯೊಳಗೆ ತಿಂಗಳಲ್ಲಿ ಹಸಿರಾಗಿ ಉದ್ದವಾಗುತ್ತವೆ. ನಿಮ್ಮ ಕಿಟಕಿಗೆ ಹಾವರ್ಥಿಯಾ, ಗ್ಯಾಸ್ಟೀರಿಯಾ, ಪೋರ್ಚುಲಕೇರಿಯಾ, ಬೂದುಬಣ್ಣದ ಗ್ರಾಪ್ಟೊಪೆಟಾಲಮ್ ಹೊಂದುತ್ತವೆ. ಕಲ್ಲಿನಂತೆ ಕಾಣುವ ಲಿಥಾಪ್ಸ್ ಸದ್ಯಕ್ಕೆ ಬೇಡ. ಹೊಳೆಯುವ ನೀಲಿ, ಕೆಂಪು ಬಣ್ಣ ಹೊಡೆದವು, ಮೇಲೆ ಒಣಹೂವು ಅಂಟಿಸಿದ ಪಾಪಸುಕಳ್ಳಿ, ಕಲ್ಲುಗಳನ್ನು ಗೋಂದಿನಿಂದ ಅಂಟಿಸಿದ ಕುಂಡ ಮುಟ್ಟಬೇಡಿ. ಹಸಿರು ಕಾಂಡದ ಮೇಲೆ ಕೆಂಪು ಚೆಂಡು ಕೂತಿರುವ ಮೂನ್ ಕ್ಯಾಕ್ಟಸ್ ಎರಡು ಗಿಡಗಳ ಕಸಿ. ಆ ಚೆಂಡಿನಲ್ಲಿ ಹರಿತ್ತು ಇಲ್ಲ, ಕೆಲವೇ ವರ್ಷ ಬಾಳುತ್ತದೆ. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಕಲಾಂಚೊ, ಲೋಳೆಸರ, ಕ್ರಾಸುಲಾ ಜೇಡ್ ಅವುಗಳಿಗೆ ಎಟುಕದಂತಿರಲಿ. ಹಾಲು ಬರುವ ಕಳ್ಳಿಗಳ ಹಾಲು ನಿಮ್ಮ ಕಣ್ಣಿಗೂ ಅಪಾಯ. ಹಾವರ್ಥಿಯಾ, ಎಚೆವೆರಿಯಾ ನಿರಪಾಯ.

ಲಾಲ್‌ಬಾಗ್‌ನಲ್ಲಿ ಪ್ರದರ್ಶನ ಗಣರಾಜ್ಯೋತ್ಸವಕ್ಕೂ ನಡೆಯುತ್ತದೆ. ಆಗಸ್ಟ್‌ಗಿಂತ ಜನವರಿಯಲ್ಲಿ ಕೊಳ್ಳಿ: ಒಣ ಹವೆ, ತಂಪು ರಾತ್ರಿ, ಬಿಚ್ಚು ಬಿಸಿಲು ಇರುವಾಗ ಕುಂಡ ಬದಲಿಸಿದ ಗಿಡ ಮೇ ಬರುವುದರೊಳಗೆ ಬೇರೂರಿರುತ್ತದೆ. ತಂದ ಹೊಸ ಗಿಡವನ್ನು ಎರಡು ವಾರ ಹಳೆಯವುಗಳಿಂದ ದೂರ, ಉತ್ತರದ ಬಾಲ್ಕನಿಯಲ್ಲಿಡಿ. ತಿಗಣೆ ಇದ್ದರೆ ಅಷ್ಟರಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತದೆ.